ಕೋಳಿಗಿಂತ ಮೊದಲು ಗೂಡು
(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಹಿತ್ತಲಲ್ಲಿ ಕೋಳಿ ಸಾಕುವ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳುತ್ತದೆ: "ಮುಂಗಲಿ ತಿಂತು." ನಮ್ಮ ದೇವರಗುಡ್ಡದಲ್ಲಂತೂ "ಬಸ್ ಹೋತು" ಅಂದಷ್ಟೇ ಸಹಜವಾಗಿ ಇದನ್ನು ಹೇಳುತ್ತಾರೆ. ಹೇಳಿದವರು ಪುಕ್ಕ ಗುಡಿಸಿ ತಿಪ್ಪೆಗೆ ಹಾಕುತ್ತಾರೆ. ಮುಂದಿನ ಸಂತೆಯಲ್ಲಿ ಮತ್ತೆ ನಾಲ್ಕು ಮರಿ ತರುತ್ತಾರೆ. ಅವನ್ನೂ ಅದೇ ಹಳೇ ಬುಟ್ಟಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿ ಮಲಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪು ಮುಂಗಲಿಯದಲ್ಲ, ಬುಟ್ಟಿಯದು. ಗೂಡಿಗೆ ದುಡ್ಡು ಹಾಕದೆ ಕೋಳಿಗೆ ಹಾಕುವುದು ತಳ ಒಡೆದ ಕೊಡಕ್ಕೆ ನೀರು ಸೇದಿದ ಹಾಗೆ.

ಇದೇನು ಕಾಲೇಜು ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ತರಗತಿಯಲ್ಲಿ ಒಂದು ದಿನ ಯಾರ ಮನೆಯಲ್ಲಿ ಕೋಳಿ ಇವೆ ಅಂತ ಕೇಳಿದೆ. ಹಳ್ಳಿಯಿಂದ ಬರುವ ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಆ ಕೋಳಿ ಯಾರವು ಅಂತ ಕೇಳಿದರೆ ಉತ್ತರ ಒಂದೇ: ಅಮ್ಮಿಯವು, ಅವ್ವನವು, ಅಜ್ಜಿಯವು. ಹೊಲ ಅಪ್ಪನದು, ಎತ್ತು ಅಪ್ಪನವು, ಗಾಡಿ ಅಣ್ಣನದು. ಯಾರನ್ನೂ ಕೇಳದೆ ಹೆಂಗಸರು ಮಾರಬಹುದಾದದ್ದು ಮೊಟ್ಟೆ ಮತ್ತು ಕೋಳಿ ಮಾತ್ರ. ನನ್ನ ಪರೀಕ್ಷಾ ಶುಲ್ಕ, ಲೆಕ್ಕಶಾಸ್ತ್ರದ ಗೈಡು, ತಮ್ಮನಿಗೆ ಜ್ವರ ಬಂದಾಗ ಆಟೋ ಬಾಡಿಗೆ, ಎಲ್ಲ ಬಂದದ್ದು ಅಮ್ಮಿಯ ಸೆರಗಿನ ಗಂಟಿನಿಂದ. ಆ ಗಂಟಿಗೆ ಮೊಟ್ಟೆಯಿಂದಲೇ ದುಡ್ಡು ಬೀಳುತ್ತದೆ. ಹಾಗಾಗಿ ರಾತ್ರಿ ಹಿತ್ತಲಿಗೆ ಬಂದ ಪ್ರಾಣಿ ತಿನ್ನುವುದು ಬರೀ ಕೋಳಿಯನ್ನಲ್ಲ.

ವಿಚಿತ್ರವೆಂದರೆ, ಗಾಡಿಗೆ ತಗಡಿನ ಶೆಡ್ಡು ಬೇಕು ಅಂದರೆ ಅದು ಅಗತ್ಯದ ಖರ್ಚು. ಗೋವಿನಜೋಳದ ಚೀಲ ನೆನೆಯುತ್ತವೆ ಅಂದರೆ ತಾಡಪಾಲು ಅದೇ ದಿನ ಬರುತ್ತದೆ. ಕೋಳಿಗೆ ಗೂಡು ಬೇಕು ಅಂದರೆ ಮಾತ್ರ "ಕೋಳಿಗೇನ್ ಬಂಗ್ಲೆ ಕಟ್ಟಸ್ಬೇಕೇನು" ಅಂತ ನಗು. ದುಡಿಮೆ ಹೆಂಗಸರದು, ಕಟ್ಟುವ ತೀರ್ಮಾನ ಗಂಡಸರದು. ನಮ್ಮ ಊರಿನ ಅರ್ಧಕ್ಕರ್ಧ ಗೂಡುಗಳು ಅದಕ್ಕೇ ಮುರಿದ ಬುಟ್ಟಿ, ಹಳೇ ಫ್ರಿಜ್ಜಿನ ಪೆಟ್ಟಿಗೆ, ಇಲ್ಲವೇ ಒಡೆದ ಹೆಂಚು ಆನಿಸಿಟ್ಟ ಮೂಲೆ ಆಗಿವೆ. ನಮ್ಮ ಮನೆಯ ಉರ್ದುವಿನಲ್ಲಿ ಕೋಳಿಗೂಡಿಗೆ 'ದಡಬಾ' ಎನ್ನುತ್ತೇವೆ. ಇಕ್ಕಟ್ಟಾದ ಕತ್ತಲೆ ಕೋಣೆ ಕಂಡರೂ ಅದೇ ಪದದಿಂದ ಬೈಯುತ್ತೇವೆ. ಗೂಡು ಹೇಗಿರುತ್ತದೆ ಎಂದು ನಾವು ಒಪ್ಪಿಕೊಂಡಿದ್ದೇವೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲು ಕಳ್ಳ ಯಾರು ಅಂತ ತಿಳಿಯಬೇಕು. ನಮ್ಮಲ್ಲಿ ಎಲ್ಲದಕ್ಕೂ ಮುಂಗಲಿಯ ಹೆಸರು ಹೇಳುತ್ತಾರೆ. ಆದರೆ ನಾವು ಕಾಣುವ ಬೂದು ಮುಂಗಲಿ ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಅದು ತನ್ನ ಬಿಲದಲ್ಲಿರುತ್ತದೆ. ಮಧ್ಯರಾತ್ರಿ ಕೋಳಿ ಕಿರುಚಿದರೆ ಬಂದದ್ದು ಹೆಚ್ಚಾಗಿ ಪುನುಗಿನ ಬೆಕ್ಕು, ಕಾಡುಬೆಕ್ಕು, ನರಿ ಅಥವಾ ಓಣಿಯದೇ ನಾಯಿ. ನಮ್ಮ ದಾದಿ ರಾತ್ರಿ ಬರುವ ಎಲ್ಲದಕ್ಕೂ 'ಬಿಜ್ಜು' ಅನ್ನುತ್ತಾರೆ. ಮುಂಗಲಿಯನ್ನು ಅವರು ಅದರಲ್ಲಿ ಸೇರಿಸುವುದಿಲ್ಲ. ಈ ವಿಷಯದಲ್ಲಿ ದಾದಿ ನಮ್ಮೆಲ್ಲರಿಗಿಂತ ಸರಿ.

ಹಗಲಿನ ಕಳ್ಳರು ಬೇರೆ: ಮುಂಗಲಿ, ಗಿಡುಗ, ಹದ್ದು, ಕಾಗೆ, ಕೇರೆ ಹಾವು, ಮೊಟ್ಟೆಗೆ ಬರುವ ಉಡ. ಮರಿಯೊಂದು ಗುರುತೇ ಇಲ್ಲದೆ ಮಾಯವಾದರೆ ಆಕಾಶ ನೋಡಬೇಕು. ಮೊಟ್ಟೆ ಸಿಪ್ಪೆಯ ಚೂರೂ ಬಿಡದೆ ಹೋದರೆ ಸಾಮಾನ್ಯವಾಗಿ ಅದು ಹಾವು. ಸಿಪ್ಪೆ ಒಡೆದು ಬಿದ್ದಿದ್ದರೆ ಮುಂಗಲಿ ಇಲ್ಲವೇ ಕಾಗೆ. ಐದಾರು ಕೋಳಿ ಅಂಗಳದ ತುಂಬ ಹರಿದು ಬಿದ್ದು, ತಿಂದದ್ದು ಮಾತ್ರ ಕಡಿಮೆ ಇದ್ದರೆ ನಾಯಿ. ಸಣ್ಣ ಮರಿ ಮೂಲೆಯ ಬಿಲದ ಕಡೆ ಎಳೆದ ಗುರುತಿದ್ದರೆ ಹೆಗ್ಗಣ. ಬೆಳಿಗ್ಗೆ ಪುಕ್ಕ ಗುಡಿಸುವ ಮೊದಲು ಐದು ನಿಮಿಷ ನಿಂತು ನೋಡಿದರೆ ಇಷ್ಟು ಗೊತ್ತಾಗುತ್ತದೆ. ನಮ್ಮೂರು ಗುಡ್ಡದ ಊರು, ಸುತ್ತ ಕಲ್ಲುಪೊದೆ, ಕುರುಚಲು ಗಿಡ. ನಮ್ಮದೇ ತಾಲೂಕಿನಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಇದೆ. ಇಲ್ಲಿ ಕಾಡುಪ್ರಾಣಿ ಇರುವುದು ಆಶ್ಚರ್ಯವಲ್ಲ. (ತೋಳವೂ ಇದೆ. ಅದರ ಚಿಂತೆ ಕುರಿಗಾರರಿಗೆ, ನಮಗಲ್ಲ.)

ಒಂದು ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಹೊಟ್ಟೆಗೆ ಒಂದು ಸಾಕಾಗುವ ಪ್ರಾಣಿ ಗೂಡಿನಲ್ಲಿದ್ದ ಎಂಟನ್ನೂ ಯಾಕೆ ಕೊಲ್ಲುತ್ತದೆ? ಓಣಿಯವರು ಅದನ್ನು ದ್ವೇಷ ಅನ್ನುತ್ತಾರೆ. ಹ್ಯಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇದೇ ವಿಷಯದ ಮೇಲೆ ಲೇಖನ ಪ್ರಕಟಿಸಿದ್ದರು. ಇಂಗ್ಲೆಂಡಿನ ಕಡಲತೀರದಲ್ಲಿ, ಗಾಢ ಕತ್ತಲಿನ ರಾತ್ರಿಗಳಲ್ಲಿ ನರಿಗಳು ತಿನ್ನಲಾಗದಷ್ಟು ಕಡಲಹಕ್ಕಿಗಳನ್ನು ಕೊಂದು ಬಿಟ್ಟುಹೋಗಿದ್ದವು. ಬೇಟೆ ಓಡಿಹೋಗದಿದ್ದರೆ ಬೇಟೆಗಾರನ ಸ್ವಭಾವ ಅವನನ್ನು ಮತ್ತೆ ಮತ್ತೆ ಹಿಡಿಯಲು ಹಚ್ಚುತ್ತದೆ, ಹೊಟ್ಟೆ ತುಂಬಿದರೂ ಅದು ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗಿರುತ್ತವೆ. ಮುಚ್ಚಿದ ಗೂಡಿನಲ್ಲಿ, ಕತ್ತಲಲ್ಲಿ ಸರಿಯಾಗಿ ಕಣ್ಣು ಕಾಣದ ಕೋಳಿ ಎಲ್ಲಿಗೆ ಹಾರಬೇಕು? ಅಂದರೆ ಅರೆಬರೆ ಗೂಡು ಗೂಡೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಮರದ ಮೇಲೆ ಮಲಗುವ ನಾಟಿ ಕೋಳಿಗೆ ಹಾರುವ ಅವಕಾಶವಾದರೂ ಇರುತ್ತದೆ. ಸಂದು ಬಿಟ್ಟ ಗೂಡು ಎಂದರೆ ನಾವೇ ಕೋಳಿ ಕಟ್ಟಿಹಾಕಿ ಬಾಗಿಲು ತೆರೆದಿಟ್ಟ ಹಾಗೆ.

ಈಗ ಗೂಡಿನ ಮಾತು. ಅಂಗಡಿಯಲ್ಲಿ 'ಕೋಳಿ ಜಾಳಿಗೆ' ಅಂತ ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅಗ್ಗ, ಹಗುರ. ಆ ಜಾಳಿಗೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ಬೇರೆಯವರು ಒಳಗೆ ಬರದಂತೆ ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ. ಮರಿ ಮುಂಗಲಿ, ಹಾವು, ಇಲಿ ಕಣ್ಣಿನೊಳಗಿಂದಲೇ ನುಸುಳುತ್ತವೆ. ಬೇಕಾದದ್ದು ಅರ್ಧ ಇಂಚು ಕಣ್ಣಿನ ಬೆಸುಗೆ ಜಾಳಿಗೆ; ಅಂಗಡಿಯವರು ವೆಲ್ಡ್ ಮೆಶ್ ಅನ್ನುತ್ತಾರೆ. ಬೆಲೆ ಹೆಚ್ಚು, ನಿಜ. ಇಡೀ ಗೂಡಿಗೆ ಆಗದಿದ್ದರೆ ಕೆಳಗಿನ ಎರಡು ಅಡಿಗಾದರೂ, ಗಾಳಿಕಿಂಡಿಗಳಿಗಾದರೂ ಅದೇ ಇರಲಿ. ಬರೀ ಮೊಳೆ ಬಡಿದು ಬಗ್ಗಿಸಿದರೆ ಸಾಲದು. ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು.

ಎರಡನೆಯದು ನೆಲ. ಪುಸ್ತಕಗಳು ಜಾಳಿಗೆಯನ್ನು ಒಂದು ಅಡಿ ಆಳ ಹೂಳಿ ಅನ್ನುತ್ತವೆ. ಬರೆದವರು ದೇವರಗುಡ್ಡಕ್ಕೆ ಬಂದು ಒಂದು ಅಡಿ ಅಗೆದು ತೋರಿಸಲಿ! ಅರ್ಧ ಅಡಿಗೇ ಕಲ್ಲು ಸಿಗುತ್ತದೆ. ನಮಗೆ ಸುಲಭದ ದಾರಿ ಬೇರೆ ಇದೆ. ಜಾಳಿಗೆಯನ್ನು ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಹೇರುವುದು. ಬಗೆಯುವ ಪ್ರಾಣಿ ಯಾವಾಗಲೂ ಗೋಡೆಯ ಬುಡದಲ್ಲೇ ಬಗೆಯುತ್ತದೆ. ಅಲ್ಲಿ ತಂತಿ ಕಾಲಿಗೆ ತಗುಲಿದರೆ ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ಸುರಂಗ ಹೊಡೆಯುವ ಬುದ್ಧಿ ಅದಕ್ಕೆ ಹೊಳೆಯುವುದು ಅಪರೂಪ. ಹೇರಲು ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಗೂಡಿನ ಒಳಗೆ ಪರಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟು ತುಂಬಿದರೆ ಹೆಗ್ಗಣದ ಕಾಟವೂ ಮುಗಿಯಿತು. ಕಾಲು ಕೊಟ್ಟು ಎರಡು ಅಡಿ ಎತ್ತರಿಸಿದ ಕಟ್ಟಿಗೆ ಗೂಡೂ ಒಳ್ಳೆಯದೇ. ಆದರೆ ನಮ್ಮ ಕಡೆ ಗೆದ್ದಲು ಆ ಕಾಲುಗಳನ್ನು ಬಿಡುವುದಿಲ್ಲ, ಅದಕ್ಕೇ ನನ್ನ ಓಟು ಪರಸಿಗೆ.

ಅಳತೆ ದೊಡ್ಡ ಸಂಗತಿಯಲ್ಲ. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ರಾತ್ರಿ ಮಲಗಲು ಒಂದೂವರೆ ಚದರಡಿ ಸಾಕು. ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡಿನಲ್ಲಿ ಹನ್ನೆರಡು ಆರಾಮ. ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಮಲಗುವುದು ಮರದ ಮೇಲೆ. ಆದ್ದರಿಂದ ಒಳಗೆ ಅಡ್ಡಗೋಲು ಬೇಕೇ ಬೇಕು. ಅದು ಜಾಳಿಗೆಯಿಂದ ಒಂದು ಅಡಿ ದೂರ ಇರಲಿ. ಜಾಳಿಗೆಗೆ ಒತ್ತಿ ಕೂತ ಕೋಳಿಯ ಕಾಲನ್ನು ಹೊರಗಿನಿಂದಲೇ ಕಚ್ಚಿ ಎಳೆಯುವ ಪ್ರಾಣಿಗಳಿವೆ. ಗಾಳಿಕಿಂಡಿ ಕೋಳಿಯ ತಲೆಗಿಂತ ಮೇಲೆ, ಎರಡು ಎದುರುಬದುರು ಬದಿಗೆ ಇರಬೇಕು. ತಗಡಿನ ಮಾಡಾದರೆ ಮೇಲೆ ತೆಂಗಿನ ಗರಿ ಹಾಸಿ, ಇಲ್ಲವಾದರೆ ಏಪ್ರಿಲ್ ತಿಂಗಳ ಬಿಸಿಲು ಪುನುಗಿನ ಬೆಕ್ಕಿನ ಕೆಲಸವನ್ನು ತಾನೇ ಮಾಡಿಬಿಡುತ್ತದೆ.

ಮೊಟ್ಟೆ ಇಡುವ ಜಾಗದ ಬಗ್ಗೆ ನಾನು ಹಟ ಹಿಡಿಯುವುದು ಒಂದೇ ಮಾತಿಗೆ. ಹೊರಗಿನಿಂದ ಮುಚ್ಚಳ ಎತ್ತಿದರೆ ಒಳಗೆ ಪೂರ್ತಿ ಕಾಣುವಂತಿರಬೇಕು. ಈಗ ನಮ್ಮ ಹೆಂಗಸರು ಮಾಡುವುದೇನು? ಕತ್ತಲ ಮೂಲೆಯ ಬುಟ್ಟಿಗೆ ನೋಡದೆ ಕೈ ಹಾಕಿ ತಡಕಾಡುವುದು. ಗೋವಿನಜೋಳ ಚೆಲ್ಲಿದ ಕಡೆ ಇಲಿ ಬರುತ್ತವೆ, ಇಲಿ ಬಂದ ಕಡೆ ನಾಗರಹಾವು ಬರುತ್ತದೆ. ಇದರಲ್ಲಿ ಹೋಗುವುದು ಕೋಳಿಯ ಜೀವ ಮಾತ್ರ ಆಗಬೇಕೆಂದಿಲ್ಲ. ಇದೇ ಕಾರಣಕ್ಕೆ ಸಂಜೆ ಉಳಿದ ಕಾಳು ಎತ್ತಿಡುವುದನ್ನೂ ಗೂಡಿನ ವಿನ್ಯಾಸದಲ್ಲೇ ಸೇರಿಸಬೇಕು ಎಂದು ನನ್ನ ವಾದ.

ಇನ್ನು ಬಾಗಿಲು. ಎಷ್ಟು ಗಟ್ಟಿ ಗೂಡಾದರೂ ಮುಚ್ಚದಿದ್ದರೆ ಪ್ರಯೋಜನವಿಲ್ಲ. ಬರೀ ಕೊಕ್ಕೆಯಾದರೆ ನಾಯಿ ಮೂತಿಯಿಂದ ತಳ್ಳಿ ತೆಗೆಯುತ್ತದೆ. ಚಿಲಕ ಹಾಕಿ, ಅದರ ತೂತಿಗೆ ಒಂದು ತಂತಿ ಪಿನ್ನು ಸಿಕ್ಕಿಸಬೇಕು. ಕೋಳಿಗಳು ಮಗರಿಬ್ ಅಜಾನಿನ ಹೊತ್ತಿಗೆ ತಾವಾಗಿಯೇ ಒಳಗೆ ಸೇರುತ್ತವೆ, ಕರೆಯಬೇಕಾಗಿಲ್ಲ. ನಮ್ಮಂಥ ಮನೆಗಳಲ್ಲಿ ಒಂದು ತೊಡಕು ಇರುವುದೂ ಇಲ್ಲೇ. ರಂಜಾನಿನಲ್ಲಿ ಆ ಹೊತ್ತಿಗೆ ಎಲ್ಲರ ಕಣ್ಣೂ ಖರ್ಜೂರದ ತಟ್ಟೆಯ ಮೇಲೆ. ಇಫ್ತಾರ್, ಆಮೇಲೆ ನಮಾಜು, ಆಮೇಲೆ ಅಡುಗೆಮನೆ, ಆಮೇಲೆ ತರಾವೀಹ್. ಗೂಡಿನ ಬಾಗಿಲು ನೆನಪಾಗುವುದು ಸಹರಿಗೆ ಎದ್ದಾಗ. ಕಳೆದ ರಂಜಾನಿನಲ್ಲಿ ನಮ್ಮ ಓಣಿಯ ಎರಡು ಮನೆಗಳಲ್ಲಿ ಹೀಗೇ ಕೋಳಿ ಹೋದವು. ಇಬ್ಬರೂ "ಮುಂಗಲಿ" ಅಂದರು. ರೋಜಾ ಇಲ್ಲದ ಸಣ್ಣ ಮಕ್ಕಳು ಪ್ರತಿ ಮನೆಯಲ್ಲೂ ಇರುತ್ತಾರೆ. ಅಜಾನಿಗೆ ಹತ್ತು ನಿಮಿಷ ಮೊದಲು ಕೋಳಿ ಎಣಿಸಿ ಪಿನ್ನು ಹಾಕುವ ಕೆಲಸ ಅವರಿಗೆ ಕೊಡಬಹುದು. ಎಣಿಸಲು ಕಲಿತ ಹಾಗೂ ಆಯಿತು.

ಹಗಲಿನ ಕಳ್ಳರಿಗೆ ಈ ಪೆಟ್ಟಿಗೆ ಉತ್ತರವಲ್ಲ. ದೊಡ್ಡ ಕೋಳಿಗಳು ತಮ್ಮನ್ನು ತಾವು ನೋಡಿಕೊಳ್ಳುತ್ತವೆ, ಅವು ಹೊರಗೇ ಮೇಯಲಿ. ಮರಿಗಳಿಗೆ ಮಾತ್ರ ಎರಡು ತಿಂಗಳವರೆಗೆ ಮೇಲೂ ಮುಚ್ಚಿದ ಜಾಳಿಗೆ ಅಂಗಳ ಬೇಕು. ಮೇಲಿನದಕ್ಕೆ ದುಬಾರಿ ಜಾಳಿಗೆ ಬೇಡ, ಹಳೇ ಮೀನುಬಲೆ ಸಾಕು. ಗಿಡುಗಕ್ಕೆ ಅಷ್ಟು ಅಡ್ಡಿಯಾದರೆ ಆಯಿತು.

ಇದನ್ನೆಲ್ಲ ಹೇಳಿದಾಗ ಬರುವ ಮೊದಲ ಉತ್ತರ: "ಅಷ್ಟೆಲ್ಲ ಯಾಕ, ವಿಷ ಇಟ್ರ ಆತು." ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮುಂಗಲಿ, ಕಾಡುಬೆಕ್ಕು, ನರಿ, ಉಡ, ನಾಗರಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೊಂದರೆ ಅದು ಅಪರಾಧ. ಕಾಯ್ದೆಯ ಮಾತು ಬಿಡಿ, ವಿಷ ಹಚ್ಚಿದ ಮಾಂಸಕ್ಕೆ ಕಳ್ಳ ಯಾರು ಎಂದು ಗೊತ್ತಾಗುವುದಿಲ್ಲ. ಓಣಿಯ ನಾಯಿ ಸಾಯುತ್ತದೆ, ಪಕ್ಕದ ಮನೆಯ ಬೆಕ್ಕು ಸಾಯುತ್ತದೆ. ಇದು ಮಾಲತೇಶನ ಊರು. ಗೊರವಯ್ಯಗಳ ಸೇವೆ ನೋಡುತ್ತಾ ಬೆಳೆದ ನಮ್ಮ ಅಕ್ಕಪಕ್ಕದವರಿಗೆ ನಾಯಿ ಎಂದರೆ ಬರೀ ನಾಯಿಯಲ್ಲ ಎಂಬುದು ನಮಗೆ ಗೊತ್ತಿದೆ. ಮೇಲಾಗಿ ಮುಂಗಲಿ ಸತ್ತರೆ ಇಲಿ ಹಾವು ಹೆಚ್ಚುತ್ತವೆ, ಅವು ಬರುವುದು ಅದೇ ಗೂಡಿಗೆ. ಒಂದು ಮುಂಗಲಿ ಸತ್ತ ಜಾಗಕ್ಕೆ ಇನ್ನೊಂದು ಬರುತ್ತದೆ. ಜಾಳಿಗೆ ಒಮ್ಮೆ ಹಾಕಿದರೆ ಹಾಕಿದ್ದೇ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ: "ಪ್ರಾಣಿಗಿಂತ ರೋಗಕ್ಕೇ ಹೆಚ್ಚು ಸಾಯ್ತಾವು." ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಓಣಿಗೆ ಓಣಿಯೇ ಖಾಲಿಯಾಗುವುದು ನಿಜ. ಆದರೆ ಅದಕ್ಕೆ ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು. ಲಸಿಕೆ ಹಾಕಿಸಲು ಕೋಳಿ ಕೈಗೆ ಸಿಗಬೇಕಲ್ಲ? ಬೇಲಿ, ಮರ, ಮಾಳಿಗೆ ಎಲ್ಲೆಲ್ಲೋ ಮಲಗುವ ಕೋಳಿಯನ್ನು ಬೆಳಿಗ್ಗೆ ಎಂಟಕ್ಕೆ ಹಿಡಿದು ಕೊಡಿ ಅಂದರೆ ಯಾರಿಂದಾಗುತ್ತದೆ? ಗೂಡಿನಲ್ಲಿದ್ದರೆ ಹತ್ತು ನಿಮಿಷದ ಕೆಲಸ. ಗೂಡು ಸರಿಯಿದ್ದ ಮನೆಯಲ್ಲೇ ಲಸಿಕೆಯೂ ಆಗುತ್ತದೆ.

ಈಗ ನನ್ನ ವಿಷಯಕ್ಕೆ, ಲೆಕ್ಕಕ್ಕೆ ಬರುತ್ತೇನೆ. ಅಮ್ಮಿ ಕೋಳಿ ವ್ಯವಹಾರವನ್ನು ನೆನಪಿನಲ್ಲೇ ಇಟ್ಟಿದ್ದರು. ಒಂದು ವರ್ಷ ನಾನು ಅದನ್ನು ಲೆಕ್ಕಶಾಸ್ತ್ರದ ನೋಟಿನ ಹಿಂದಿನ ಪುಟದಲ್ಲಿ ಬರೆದೆ. ಆ ವರ್ಷ ಪ್ರಾಣಿಗಳ ಪಾಲಾದದ್ದು ಐದು ದೊಡ್ಡ ಹೇಂಟೆ, ಆರು ಮರಿ. ನಮ್ಮ ಸಂತೆಯ ದರದಂತೆ ಹೇಂಟೆಗೆ 400, ಮರಿಗೆ 100 ಹಿಡಿದರೆ 2,600 ರೂಪಾಯಿ. ಸತ್ತ ಹೇಂಟೆಗಳು ಇಡಬೇಕಿದ್ದ ಮೊಟ್ಟೆ ಇದರಲ್ಲಿ ಸೇರಿಲ್ಲ. ನಂತರ ಕಟ್ಟಿಸಿದ ಗೂಡಿಗೆ ಜಾಳಿಗೆ, ಪರಸಿ, ಬಾಗಿಲು, ಬಡಿಗೇರ ಕಾಕಾನ ಕೂಲಿ ಸೇರಿ 6,200 ಆಯಿತು. ಅಬ್ಬಾಗೆ ಆ ಮೊತ್ತ ಒಮ್ಮೆಲೇ ಕೇಳಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಮೊದಲ ವರ್ಷದ ಪಿಯುಸಿಯಲ್ಲಿ ನಾವೆಲ್ಲ ಕಲಿತ ಸಂಗತಿ ಇದೆ: ಮರಿ ಕೊಳ್ಳುವುದು ಕಂದಾಯ ವೆಚ್ಚ, ಗೂಡು ಕಟ್ಟುವುದು ಬಂಡವಾಳ ವೆಚ್ಚ. ಗೂಡು ಎಂಟು ವರ್ಷ ಬಾಳುತ್ತದೆ ಎಂದು ಹಿಡಿದು, ನೇರ ರೇಖಾ ವಿಧಾನದಲ್ಲಿ ಸವಕಳಿ ತೆಗೆದರೆ ವರ್ಷಕ್ಕೆ 775. ಗೂಡಿಲ್ಲದ ವರ್ಷ ಹೋದದ್ದು 2,600. ಅಬ್ಬಾ ಕಾಗದವನ್ನು ಎರಡು ಸಲ ಓದಿದರು. ಮೂರನೆಯ ವರ್ಷಕ್ಕೆ ಹಾಕಿದ ದುಡ್ಡು ವಾಪಸು ಎಂಬ ಸಾಲಿನ ಕೆಳಗೆ ಬೆರಳಿಟ್ಟು, "ಇದು ಬರೋಬ್ಬರಿ ಐತೇನು?" ಎಂದು ಕೇಳಿದರು. ಬರೋಬ್ಬರಿ ಇತ್ತು.

ಇದೇ ಲೆಕ್ಕ ಸರ್ಕಾರಕ್ಕೂ ಹೊಂದುತ್ತದೆ. ಬಡ ಮಹಿಳೆಯರಿಗೆ ಐದಾರು ವಾರದ ಮರಿ ಹಂಚುವ ಕಾರ್ಯಕ್ರಮಗಳು ಒಳ್ಳೆಯವು. ಪೇಪರಿನಲ್ಲಿ ಫೋಟೋ ಕೂಡ ಚಂದ ಬರುತ್ತದೆ. ಆದರೆ ಹಂಚುವ ಸುಧಾರಿತ ತಳಿಗಳ ಸ್ವಭಾವ ನೋಡಬೇಕು. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಒಳ್ಳೆಯ ತೂಕ ಬರುತ್ತದೆ. ಆ ತೂಕದಿಂದಲೇ ಅದು ನಾಟಿ ಕೋಳಿಯಂತೆ ಹಾರಿ ಮರ ಹತ್ತಲಾರದು. ಅಂಥ ಕೋಳಿಗೆ ಗೂಡು ಇನ್ನೂ ಹೆಚ್ಚು ಬೇಕು. ಮರಿ ಕೊಡುವ ಮೊದಲು ಗೂಡು ಕಟ್ಟಿದ ಫೋಟೋ ಕೇಳಲಿ, ಗೂಡಿಗೆ ನೆರವು ಮೊದಲ ಕಂತಾಗಲಿ, ಮರಿ ಎರಡನೆಯ ಕಂತಾಗಲಿ. ಉದ್ಯೋಗ ಖಾತ್ರಿಯ ಕಾಮಗಾರಿ ಪಟ್ಟಿಯಲ್ಲಿ ದನದ ಕೊಟ್ಟಿಗೆಯ ಜೊತೆ ಕೋಳಿ ಶೆಡ್ಡಿಗೂ ಜಾಗ ಇತ್ತು. ಆದರೆ ಗ್ರಾಮಸಭೆಯಲ್ಲಿ ಕೊಟ್ಟಿಗೆ ಕೇಳುವವರು ಗಂಡಸರು, ಕೋಳಿಯ ಒಡತಿಯರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಆಯುಧಪೂಜೆಯ ದಿನ ನಮ್ಮೂರ ಕಾರಣಿಕದ ಒಂದು ಸಾಲಿನಲ್ಲಿ ಮಳೆ, ಬೆಳೆ, ಮಾರುಕಟ್ಟೆ, ರಾಜಕೀಯ ಎಲ್ಲವನ್ನೂ ಹುಡುಕುವವರಿದ್ದಾರೆ. ಕೋಳಿಯ ಭವಿಷ್ಯ ಹುಡುಕಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಪ್ರತಿ ವರ್ಷ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ರಸ್ತೆ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಈ ಸಲ ಹತ್ತು ಮನೆ ಆರಿಸಿ, ಆ ಮನೆಯ ಹೆಂಗಸರನ್ನೇ ಕೇಳಿ ಹತ್ತು ಗೂಡು ರಿಪೇರಿ ಮಾಡೋಣ ಎಂದು ನನ್ನ ಸಲಹೆ. ವಿಜ್ಞಾನ ವಿಭಾಗದವರು ಕಳ್ಳ ಯಾರು ಅಂತ ಗುರುತು ಹಿಡಿಯಲಿ, ಕಲಾ ವಿಭಾಗದವರು ಅಜ್ಜಿಯರನ್ನು ಮಾತಾಡಿಸಲಿ, ಲೆಕ್ಕ ನಮ್ಮದು. ಬೆಸುಗೆ ಜಾಳಿಗೆಯನ್ನು ಅಡಿ ಲೆಕ್ಕದಲ್ಲಿ ಕೊಂಡರೆ ದುಬಾರಿ, ಪೂರ್ತಿ ಸುರುಳಿ ಕೊಂಡರೆ ಅಂಗಡಿಯವರು ದರ ಇಳಿಸುತ್ತಾರೆ. ನಾಲ್ಕು ಮನೆ ಕೂಡಿದರೆ ಒಂದು ಸುರುಳಿ ಖರ್ಚಾಗುತ್ತದೆ. ನಮ್ಮ ಓಣಿಯಲ್ಲಿ ಈಗಾಗಲೇ ಮೂರು ಮನೆಯವರು ಹೂಂ ಅಂದಿದ್ದಾರೆ, ಇನ್ನೊಂದು ಮನೆ ಹುಡುಕುತ್ತಿದ್ದೇವೆ.